ಮೇಸ್ತ್ರಿ, ಕಾಂಟ್ರಾಕ್ಟರ್, ಕಂಪನಿ: ಮನೆ ರಿಪೇರಿಗೆ ಮುಂಚೆ ಮೂವರ ಕಾಗದವನ್ನೂ ಕೇಳಿ ನೋಡಿದೆ

ನಮ್ಮ ಬಚ್ಚಲಿನ ನೀರು ಕೆಳಗಿನ ಮನೆಯ ಛಾವಣಿಗೆ ಇಳಿಯುತ್ತಿತ್ತು. ಮಳೆಗಾಲ ಶುರುವಾಗುವ ಮೊದಲು ನೆಲ ಒಡೆದು, ವಾಟರ್‌ಪ್ರೂಫಿಂಗ್ ಮಾಡಿಸಿ, ಹೊಸ ಟೈಲ್ಸ್ ಹಾಕಿಸಲೇಬೇಕಿತ್ತು. ಜೊತೆಗೆ ಅಡುಗೆಮನೆಯ ಕಟ್ಟೆಯನ್ನೂ ಬದಲಾಯಿಸೋಣ ಅಂದುಕೊಂಡೆವು. ಮನೆ ಇರುವುದು ಮುಲುಂಡ್ ಪೂರ್ವದಲ್ಲಿ. ಕಟ್ಟಡಕ್ಕೆ 30 ವರ್ಷ ದಾಟಿದೆ.

ಮುಂಬಯಿಯಲ್ಲಿ ಇಂಥ ಕೆಲಸಕ್ಕೆ ಸಿಗುವವರು ಮೂರು ಬಗೆ. ಯಾರೋ ಹೇಳಿ ಪರಿಚಯವಾದ ಮೇಸ್ತ್ರಿ, ಜಿಎಸ್‌ಟಿ ನಂಬರ್ ಇರುವ ಸಣ್ಣ ಕಾಂಟ್ರಾಕ್ಟರ್, ಶೋರೂಮ್ ಇಟ್ಟಿರುವ ಇಂಟೀರಿಯರ್ ಕಂಪನಿ. ಮೂವರನ್ನೂ ಕರೆಸಿದೆ. ರೇಟ್ ಮಾತಾಡುವ ಮೊದಲು ಎಲ್ಲರಿಗೂ ಎರಡೇ ಪ್ರಶ್ನೆ. ನಿಮ್ಮ ಕೆಲಸದವರಿಗೆ ವಿಮೆ ಇದೆಯಾ? ಈ ಕೆಲಸಕ್ಕೆ ಯಾವ ಪರವಾನಗಿ ಬೇಕು, ಅದನ್ನು ತರುವವರು ಯಾರು?

ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. 2017ರ ಜುಲೈ 25ರಂದು ಘಾಟ್‌ಕೋಪರ್‌ನಲ್ಲಿ ಒಂದು ವಸತಿ ಕಟ್ಟಡ ಕುಸಿದು 17 ಜನ ಸತ್ತರು. ತಳಮಹಡಿಯ ರಿಪೇರಿಯಲ್ಲಿ ಕಂಬಗಳಿಗೆ ಕೈ ಹಾಕಿದ್ದರು ಎಂಬ ಆರೋಪ ಬಂತು. ಅದು ನಮ್ಮಿಂದ ಕೆಲವೇ ಸ್ಟೇಷನ್ ಆಚೆ. ಒಬ್ಬರ ಮನೆಯೊಳಗಿನ ರಿಪೇರಿ ಇಡೀ ಕಟ್ಟಡದವರ ಜೀವದ ಪ್ರಶ್ನೆ ಆಗಬಹುದು. ಅದನ್ನು ನೋಡಿದ ಮೇಲೆ ಸುಮ್ನೆ ನಂಬಿಕೆಯ ಮೇಲೆ ಕೆಲಸ ಕೊಡಲು ನನಗೆ ಮನಸ್ಸು ಬರುವುದಿಲ್ಲ.

ಮೊದಲು ಪರವಾನಗಿಯ ವಿಷಯ. ಮುಂಬಯಿ ಪಾಲಿಕೆಯ 1888ರ ಕಾಯ್ದೆಯ 342ನೇ ಕಲಂ ಇದಕ್ಕೆ ಆಧಾರ. ಟೈಲ್ಸ್ ಬದಲಿಸುವುದು, ಪ್ಲಾಸ್ಟರ್, ಬಣ್ಣ, ಬಚ್ಚಲು ಮತ್ತು ಸಂಡಾಸಿನ ರಿಪೇರಿ, ಪೈಪು, ನಲ್ಲಿ, ವೈರಿಂಗ್ ಸಾಮಾನು ಬದಲಿಸುವುದು ಇವಕ್ಕೆಲ್ಲ ಪಾಲಿಕೆಯ ಅನುಮತಿ ಬೇಡ. ಆದರೆ ಕಂಬ, ಬೀಮ್, ಭಾರ ಹೊರುವ ಗೋಡೆ ತೆಗೆಯುವುದು ಅಥವಾ ಬದಲಿಸುವುದು, ನೆಲ ತಗ್ಗಿಸುವುದು, ಮನೆಯ ಅಳತೆ ಬದಲಿಸುವುದು, ಹೊಸದಾಗಿ ಲಾಫ್ಟ್ (ಛಾವಣಿಯ ಕೆಳಗೆ ಸಾಮಾನು ಇಡುವ ಅಟ್ಟ) ಕಟ್ಟುವುದು ಈ ವಿನಾಯಿತಿಯಲ್ಲಿ ಬರುವುದಿಲ್ಲ. ಲಾಫ್ಟ್ ವಿಷಯ ಗೊತ್ತಿರುವವರು ಬಹಳ ಕಡಿಮೆ. ಇನ್ನು ಸೊಸೈಟಿಯ, ಅಂದರೆ ಕಟ್ಟಡದ ಮನೆಯವರ ಸಂಘದ, ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇರೆಯೇ ವಿಷಯ. ಅದು ಬಚ್ಚಲಿನ ಟೈಲ್ಸ್‌ಗೂ ಬೇಕು.

ಈ ಪ್ರಶ್ನೆಗೆ ಮೂವರ ಉತ್ತರ ಹೇಗಿತ್ತು ನೋಡಿ. ಕಂಪನಿಯ ಡಿಸೈನರ್ ಹುಡುಗಿ ಬಂದವಳೇ ಲ್ಯಾಪ್‌ಟಾಪ್ ತೆರೆದು, ಅಡುಗೆಮನೆಯ ಗೋಡೆ ತೆಗೆದರೆ ಹಾಲ್ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಚಿತ್ರ ತೋರಿಸಿದಳು. ಆ ಗೋಡೆ ಭಾರ ಹೊರುವುದೋ ಅಲ್ಲವೋ ಎಂದು ಯಾರು ಹೇಳುತ್ತಾರೆ ಅಂತ ಕೇಳಿದೆ. ಅವರ ಕರಾರಿನ ಕೊನೆಯ ಪುಟದಲ್ಲಿ ಉತ್ತರ ಇತ್ತು: ಎಲ್ಲ ಅನುಮತಿಗಳೂ ಗ್ರಾಹಕರ ಜವಾಬ್ದಾರಿ. ಕಾಂಟ್ರಾಕ್ಟರ್, ‘ಸೊಸೈಟಿ ಎನ್‌ಒಸಿ ಇದ್ರೆ ಸಾಕು ಮೇಡಂ, ಒಂದು ಲಾಫ್ಟ್ ಕೂಡ ಹಾಕಿಕೊಡ್ತೀನಿ, ಎಲ್ರೂ ಹಾಕಿಸ್ತಾರೆ’ ಅಂದರು. ವಿಜಯಪುರದ ಕಡೆಯ ಮೇಸ್ತ್ರಿ ಗೋಡೆಯನ್ನು ಬೆರಳಲ್ಲಿ ತಟ್ಟಿ ನೋಡಿ, ‘ಅಕ್ಕಾರ, ನಾ ಕಂಬ, ಬೀಮ್ ಮುಟ್ಟಾಂಗಿಲ್ರಿ. ಗ್ವಾಡಿ ತೆಗೀಬೇಕಂದ್ರ ಇಂಜಿನಿಯರ್‌ನ ಕರಸ್ರಿ’ ಅಂದರು. ನನ್ನ ಮಟ್ಟಿಗೆ ಮೂರರಲ್ಲಿ ಸರಿಯಾದ ಉತ್ತರ ಇದೊಂದೇ.

ವಿಮೆಯ ವಿಷಯಕ್ಕೆ ಬಂದರೆ ಚಿತ್ರ ತಿರುಗಿತು. ಕೆಲಸದವರಿಗೆ ಪೆಟ್ಟಾದರೆ ಪರಿಹಾರ ಕೊಡುವುದು ವರ್ಕ್‌ಮೆನ್ ಕಾಂಪನ್ಸೇಷನ್ ಪಾಲಿಸಿ. ಎಲ್ಲರೂ ಅದನ್ನು ಡಬ್ಲ್ಯೂಸಿ ಅಂತಾರೆ. ಡಬ್ಲ್ಯೂಸಿ ಇದೆ ಎಂದ ಮಾತ್ರಕ್ಕೆ ಒಪ್ಪಿಕೊಳ್ಳಬೇಡಿ. ಕಾಗದ ಕೈಗೆ ತೆಗೆದುಕೊಂಡು ಓದಿ. ಪಾಲಿಸಿ ಯಾರ ಹೆಸರಲ್ಲಿದೆ, ಯಾವ ತಾರೀಖಿನವರೆಗೆ, ಯಾವ ಜಾಗದ ಕೆಲಸಕ್ಕೆ, ಎಷ್ಟು ಜನಕ್ಕೆ, ಅವರು ಮಾಡುವ ಕೆಲಸ ಏನು. ಆಸ್ಪತ್ರೆ ಖರ್ಚಿಗೆ ಬೇರೆಯಾಗಿ ಮೆಡಿಕಲ್ ಎಕ್ಸ್‌ಟೆನ್ಷನ್ ಸೇರಿಸಿದ್ದಾರಾ ಎಂದು ನೋಡುವುದು ಬಹಳ ಮುಖ್ಯ. ಅದಿಲ್ಲದ ಪಾಲಿಸಿಯಲ್ಲಿ ಕೈ ಮುರಿದ ಹುಡುಗನ ಆಸ್ಪತ್ರೆ ಬಿಲ್ಲಿಗೆ ದುಡ್ಡು ಸಿಗುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ಕಂಪನಿಯ ಪಾಲಿಸಿ ನೋಡಲು ಜೋರಾಗಿತ್ತು. ಆದರೆ ಪಟ್ಟಿಯಲ್ಲಿ ಇದ್ದವರು ಡಿಸೈನರ್‌ಗಳು, ಸೂಪರ್‌ವೈಸರ್‌ಗಳು. ನೆಲ ಒಡೆಯಲು ಬರುವವರು ‘ವೆಂಡರ್’ ಕಡೆಯವರಂತೆ. ಹಾಗಾದರೆ ವೆಂಡರ್‌ನ ಪಾಲಿಸಿ ಕೊಡಿ ಎಂದೆ. ಮೇಲ್ ಕಳಿಸ್ತೀವಿ ಎಂದರು. ಎಷ್ಟು ನೆನಪಿಸಿದರೂ ಬರಲಿಲ್ಲ. ಸುತ್ತಿಗೆ ಹಿಡಿಯುವವನಿಗೇ ರಕ್ಷಣೆ ಇಲ್ಲದ ವಿಮೆ ಯಾತಕ್ಕೆ, ಅಲ್ವಾ?

ಕಾಂಟ್ರಾಕ್ಟರ್ ಹತ್ತಿರ ನಿಜವಾದ ಪಾಲಿಸಿ ಇತ್ತು, ಅವಧಿಯೂ ಮುಗಿದಿರಲಿಲ್ಲ. ಆದರೆ ಅದು ಠಾಣೆಯ ಒಂದು ಕಟ್ಟಡದ ಪೇಂಟಿಂಗ್ ಕೆಲಸಕ್ಕೆ ತೆಗೆದದ್ದು. ನಮ್ಮ ಮನೆಗೆ ಬರುವವರು ಗೌಂಡಿಗಳು ಮತ್ತು ಪ್ಲಂಬರ್. ಹೇಳಿದಾಗ ವಾದ ಮಾಡಲಿಲ್ಲ. ವಿಮಾ ಕಂಪನಿಗೆ ಹೇಳಿ ನಮ್ಮ ವಿಳಾಸ, ನಮ್ಮ ಕೆಲಸ ಸೇರಿಸಿ ಎಂಡೋರ್ಸ್‌ಮೆಂಟ್ (ಪಾಲಿಸಿಗೆ ಸೇರಿಸಿದ ತಿದ್ದುಪಡಿ ಪತ್ರ) ತಂದುಕೊಟ್ಟರು. ಅವರ ಜಿಎಸ್‌ಟಿ ನಂಬರನ್ನೂ ಪೋರ್ಟಲ್‌ನಲ್ಲಿ ಹಾಕಿ ನೋಡಿದೆ. 15 ಅಂಕಿ-ಅಕ್ಷರ, ಮೊದಲ ಎರಡು 27 ಇದ್ದರೆ ಮಹಾರಾಷ್ಟ್ರದ್ದು. ನೋಂದಣಿ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ಅಲ್ಲೇ ಕಾಣುತ್ತದೆ. ದುಡ್ಡು ಖರ್ಚಿಲ್ಲದ ಪರೀಕ್ಷೆ.

ಮೇಸ್ತ್ರಿ ಹತ್ತಿರ ಏನೂ ಇರಲಿಲ್ಲ. ‘ನಮ್ಮ ಮಂದಿಗೆ ಏನಾರ ಆದ್ರ ನಾನs ನೋಡ್ಕೋತೇನ್ರಿ’ ಅಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ದಿನಗೂಲಿಯಲ್ಲಿ ಬದುಕುವ ಮನುಷ್ಯ ಆಸ್ಪತ್ರೆಯ ಬಿಲ್ಲನ್ನು ಹೇಗೆ ಕಟ್ಟಬೇಕು? ಜಿಎಸ್‌ಟಿ ಇಲ್ಲದ್ದು ತಪ್ಪಲ್ಲ. ವರ್ಷಕ್ಕೆ 20 ಲಕ್ಷದೊಳಗಿನ ಸೇವೆಗೆ ನೋಂದಣಿ ಕಡ್ಡಾಯವಿಲ್ಲ. ಪ್ಯಾನ್ ಕಾರ್ಡ್ ಮತ್ತು ಬ್ಯಾಂಕ್ ಖಾತೆ ಇದ್ದವು. ಅಷ್ಟು ಇಟ್ಟುಕೊಂಡು ಒಬ್ಬ ಏಜೆಂಟರ ಮೂಲಕ, ಎಷ್ಟು ಜನ, ಎಷ್ಟು ಕೂಲಿ ಎಂದು ಬರೆಸಿ, ಕೆಲಸ ನಡೆಯುವಷ್ಟು ಅವಧಿಗೆ ಅವರ ಹೆಸರಲ್ಲೇ ಪಾಲಿಸಿ ಮಾಡಿಸಿದೆವು. ಪ್ರೀಮಿಯಂ ನಾನು ಕೊಟ್ಟೆ. ಮೆಡಿಕಲ್ ಎಕ್ಸ್‌ಟೆನ್ಷನ್ ಸೇರಿಸಿಯೂ ಅದು ಟೈಲ್ಸ್ ಖರ್ಚಿನ ಮುಂದೆ ಲೆಕ್ಕಕ್ಕೇ ಇರಲಿಲ್ಲ. ಇದು ನಾವು ಮಾಡಬಹುದಾದ ಕೆಲಸ ಎಂದು ಹೆಚ್ಚು ಜನರಿಗೆ ಗೊತ್ತಾಗಬೇಕು. ಕಾಗದ ಇಲ್ಲ ಎಂದು ಒಳ್ಳೆ ಕೈಯಿರುವ ಮೇಸ್ತ್ರಿಗಳನ್ನು ಬಿಡುವುದೂ ಬೇಡ, ಕಾಗದವೇ ಇಲ್ಲದೆ ಅವರನ್ನು ದುಡಿಸಿಕೊಳ್ಳುವುದೂ ಬೇಡ.

ಪಾಲಿಸಿ ಯಾರದ್ದೇ ಇರಲಿ, ವಾಟ್ಸಾಪ್‌ನಲ್ಲಿ ಬಂದ ಫೋಟೋ ಸಾಲದು. ವಿಮಾ ಕಂಪನಿಯ ವೆಬ್‌ಸೈಟಿನಿಂದ ಫೋನ್ ನಂಬರ್ ತೆಗೆದುಕೊಂಡು, ಪಾಲಿಸಿ ನಂಬರ್ ಹೇಳಿ, ಚಾಲ್ತಿಯಲ್ಲಿದೆಯಾ ಎಂದು ಕೇಳಿ.

ಇನ್ನೊಂದು ಮಾತು. ಡಬ್ಲ್ಯೂಸಿ ಇರುವುದು ಕೆಲಸದವರಿಗೆ. ಪೈಪು ಒಡೆದು ಕೆಳಗಿನ ಮನೆಯ ಪಿಒಪಿ ಸೀಲಿಂಗ್ ಹಾಳಾದರೆ ಅದು ಕೊಡುವುದಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಮೂವರಲ್ಲಿ ಯಾರ ಹತ್ತಿರವೂ ಅದಕ್ಕೆ ಬೇರೆ ವಿಮೆ ಇರಲಿಲ್ಲ. ಹಾಗಾಗಿ 500 ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಬರೆಸಿಕೊಂಡೆ: ಹಾನಿಯಾದರೆ ಸರಿ ಮಾಡಿಕೊಡಬೇಕು, ಕೋಬಾ (ಇಟ್ಟಿಗೆ ಚೂರು, ಸಿಮೆಂಟಿನ ವಾಟರ್‌ಪ್ರೂಫಿಂಗ್ ಪದರ) ಮುಗಿದ ಮೇಲೆ ಟೈಲ್ಸ್‌ಗೆ ಮುಂಚೆ ನೀರು ನಿಲ್ಲಿಸಿ ಪರೀಕ್ಷೆ ಮಾಡಬೇಕು, ಕೆಳಗಿನ ಮನೆಯವರು ನೋಡಿ ಸರಿ ಎಂದ ಮೇಲೇ ಕೊನೆಯ ಕಂತು. ರಾಬಿಟ್, ಅಂದರೆ ಒಡೆದ ಕಲ್ಲು-ಮಣ್ಣು, ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ಬರೆಸಿ. ರಾತ್ರೋರಾತ್ರಿ ಅದನ್ನು ರಸ್ತೆ ಬದಿಗೆ ಸುರಿಯುವವರು ಜಾಸ್ತಿ. ಅದನ್ನು ಕರೆದರೆ ಬಂದು ಒಯ್ಯಲು ಪಾಲಿಕೆಗೆ ‘ಡೆಬ್ರಿಸ್ ಆನ್ ಕಾಲ್’ ಎಂಬ ಸೇವೆಯೇ ಇದೆ.

ಕೊನೆಗೆ ಬಚ್ಚಲು ಮೇಸ್ತ್ರಿಗೆ, ಅಡುಗೆಮನೆ ಕಾಂಟ್ರಾಕ್ಟರ್‌ಗೆ, ಲಾಫ್ಟ್ ಬಿಟ್ಟು. ಕಾಂಟ್ರಾಕ್ಟರ್ ಜೊತೆ ಬಂದ ಎಲೆಕ್ಟ್ರಿಷಿಯನ್ ಹತ್ತಿರ ಸರ್ಕಾರದ ಪರ್ಮಿಟ್ ಇತ್ತು, ಅದು ನನಗೆ ದೊಡ್ಡ ಸಮಾಧಾನ. ಮೇಸ್ತ್ರಿಯ ರೇಟ್ ಕಡಿಮೆ, ಕೆಲಸ ಅಚ್ಚುಕಟ್ಟು. ಆದರೆ ಎನ್‌ಒಸಿ ಅರ್ಜಿಯಿಂದ ರಾಬಿಟ್‌ವರೆಗೆ ಓಡಾಟ ನಮ್ಮದೇ. ಕಾಂಟ್ರಾಕ್ಟರ್‌ಗೆ ದುಡ್ಡು ಹೆಚ್ಚು ಹೋಯಿತು, ಓಡಾಟ ಉಳಿಯಿತು. ಬರೀ ಕಪಾಟು, ವಾರ್ಡ್‌ರೋಬ್ ಮಾಡಿಸುವುದಿದ್ದರೆ ಕಂಪನಿಯನ್ನು ಕರೆಯುತ್ತೇನೆ, ಒಡೆಯುವ ಕೆಲಸಕ್ಕಲ್ಲ. ಗೋಡೆ ತೆಗೆಯಲೇಬೇಕೆಂದಿದ್ದರೆ ಈ ಮೂವರಿಗಿಂತ ಮೊದಲು ಲೈಸೆನ್ಸ್ ಇರುವ ಸ್ಟ್ರಕ್ಚರಲ್ ಇಂಜಿನಿಯರನ್ನು ಹುಡುಕಿ. ಅಡುಗೆಮನೆಯ ಮಹಾನಗರ್ ಗ್ಯಾಸ್ ಪೈಪನ್ನು ಮಾತ್ರ ಮೂವರಲ್ಲಿ ಯಾರೂ ಮುಟ್ಟಬಾರದು. ಕಟ್ಟೆ ಒಡೆಯುವ ಮುಂಚೆ ಗ್ಯಾಸ್ ಕಂಪನಿಗೇ ಅರ್ಜಿ ಕೊಟ್ಟು ಅವರ ಜನರಿಂದಲೇ ಅದನ್ನು ಸರಿಸಿಸಿ.