ಲ್ಯಾಮಿಂಗ್ಟನ್: ಕೆಫೆಯದಾ, ಮೂಲೆ ಬೇಕರಿಯದಾ?

ಲ್ಯಾಮಿಂಗ್ಟನ್ ಅಂದರೆ ಚಾಕೊಲೇಟಿನಲ್ಲಿ ಅದ್ದಿ ಕೊಬ್ಬರಿಯಲ್ಲಿ ಹೊರಳಿಸಿದ ಆಸ್ಟ್ರೇಲಿಯಾದ ಕೇಕು. ಯಾರದು ಒಳ್ಳೆಯದು ಅಂತ ಕೇಳಿದರೆ ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆಲ್ಬರ್ನ್‌ನ ಪಶ್ಚಿಮಕ್ಕೆ, ಸನ್‌ಶೈನ್ ಕಡೆ ಇರುವ ಒಂದು ಹಾಟ್ ಬ್ರೆಡ್ ಅಂಗಡಿಗೆ, ಅಂದರೆ ಮೂಲೆ ಬೇಕರಿಗೆ. ವಿಯೆಟ್ನಾಂ ಮೂಲದ ಗಂಡ ಹೆಂಡತಿ ನಡೆಸುತ್ತಾರೆ. ಬೆಳಗಾಗುವ ಮೊದಲೇ ಬಾಗಿಲು ತೆಗೆದಿರುತ್ತದೆ. ಗಾಜಿನ ಕಪಾಟಿನಲ್ಲಿ ಪೈ, ಸಾಸೇಜ್ ರೋಲ್, ಬಾನ್ ಮೀ ಬ್ರೆಡ್ಡು. ಕೊನೇ ತಟ್ಟೆಯಲ್ಲಿ ಲ್ಯಾಮಿಂಗ್ಟನ್. ಒಂದಕ್ಕೆ ಮೂರೂವರೆ ಡಾಲರ್. ಇದನ್ನು ಸುಮ್ನೆ ತಿಂದುಕೊಂಡು ಆರಾಮಾಗಿದ್ದೆ. ಬೇರೆ ಬೇರೆ ಕಡೆಯದನ್ನು ತಂದು ಪಕ್ಕಪಕ್ಕ ಇಟ್ಟು ನೋಡುವ ಹಟ ಬಂದಿದ್ದು ಸಂಕ್ರಾಂತಿಗೆ ಅಂತ ತಂದ ಕೆಫೆಯ ಒಂದು ಡಬ್ಬಿಯಿಂದ. ಅದರ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಯ್ಯಂಗಾರ್ ಬೇಕರಿಯ ಹನಿ ಕೇಕ್ ತಿಂದು ಬೆಳೆದವರಿಗೆ ಲ್ಯಾಮಿಂಗ್ಟನ್ ಬಗ್ಗೆ ಜಾಸ್ತಿ ವಿವರಿಸಬೇಕಾಗಿಲ್ಲ. ಅಲ್ಲಿ ಪಾಕ ಮತ್ತು ಜಾಮ್, ಇಲ್ಲಿ ಚಾಕೊಲೇಟ್. ಒಳಗೆ ಸ್ಪಾಂಜು, ಹೊರಗೆ ಕೊಬ್ಬರಿ, ಅಷ್ಟೇ. ಹುಬ್ಬಳ್ಳಿಯವಳಾದ ನನಗೆ ಹೆಸರೂ ಹೊಸದಲ್ಲ. ಲಾರ್ಡ್ ಲ್ಯಾಮಿಂಗ್ಟನ್ 1896ರಿಂದ 1901ರವರೆಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಗೆ ಗವರ್ನರ್ ಆಗಿದ್ದವನು, ಆಮೇಲೆ 1903ರಿಂದ 1907ರವರೆಗೆ ಬಾಂಬೆಗೆ. ಆಗ ಧಾರವಾಡ ಜಿಲ್ಲೆ ಬಾಂಬೆ ಪ್ರಾಂತ್ಯದಲ್ಲೇ ಇತ್ತು. ಅಲ್ಲಿ ಕೇಕಿಗೆ ಹೆಸರು ಬಂತು, ನಮ್ಮೂರಲ್ಲಿ ಹೈಸ್ಕೂಲಿಗೆ. ಕೇಕನ್ನು ಮೊದಲು ಮಾಡಿದ್ದು ಬ್ರಿಸ್ಬೇನಿನಲ್ಲೋ ಟೂವೂಂಬಾದಲ್ಲೋ, ಹೆಸರು ಸಾಹೇಬನದೋ ಹೆಂಡತಿಯದೋ ಅಂತ ಇಲ್ಲಿಯವರು ಇವತ್ತಿಗೂ ಜಗಳ ಆಡುತ್ತಾರೆ. ಆಡಲಿ ಬಿಡಿ.

ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ಟನ್ನು ಬೇಗ ಮುಗಿಸುತ್ತೇನೆ. ಆರರ ಪ್ಯಾಕು, ಐದು ಡಾಲರಿನ ಆಸುಪಾಸು. ತೆಗೆದ ಕೂಡಲೇ ಅರ್ಧ ಕೊಬ್ಬರಿ ತಟ್ಟೆಯ ತಳದಲ್ಲೇ ಇರುತ್ತದೆ. ಚಾಕೊಲೇಟು ಬರೀ ಬಣ್ಣ ಬಳಿದ ಹಾಗೆ. ಒಂದು ಸಲ ಕೊಬ್ಬರಿ ಕಮಟು ವಾಸನೆ ಹೊಡೆಯುತ್ತಿತ್ತು. ಮನೆಯಲ್ಲಿ ಬೇರೆ ಯಾರಿಗೂ ಅದು ಗೊತ್ತಾಗಲಿಲ್ಲ, ನನಗೆ ಮೊದಲ ತುತ್ತಿಗೇ ಗೊತ್ತಾಯಿತು. ಮಕ್ಕಳು ಏನೂ ಅನ್ನದೆ ತಿಂದರು. ಟಿಫಿನ್ ಡಬ್ಬಿಗೆ ಸಾಕು.

ಈಗ ಕೆಫೆ. ನಗರದ ಒಳಗಿನ ಒಳ್ಳೇ ಹೆಸರಿನ ಜಾಗ, ಶನಿವಾರ ಕ್ಯೂ ಇರುತ್ತದೆ. ಒಂದಕ್ಕೆ ಒಂಬತ್ತು ಡಾಲರ್. ನೋಡಲು ಮಾತ್ರ ಏನು ಚೆಂದ! ಅಂಗೈ ತುಂಬುವ ಗಾತ್ರ, ನಡುವೆ ರಾಸ್ಪ್‌ಬೆರಿ ಜಾಮ್, ಅದರ ಮೇಲೆ ಬೆರಳು ದಪ್ಪ ಕ್ರೀಮು. ಸಂಕ್ರಾಂತಿಗೆ ಗೆಳತಿಯ ಮನೆಯಲ್ಲಿ ಎಲ್ಲ ಸೇರುವುದಿತ್ತು. ಎಳ್ಳು ಬೆಲ್ಲದ ಜೊತೆ ಈ ಊರಿನ ಸಿಹಿಯೂ ಒಂದಿರಲಿ ಅಂತ ಒಂದು ಡಬ್ಬಿ ತಗೊಂಡೆ. ಕೌಂಟರಿನ ಹುಡುಗಿ ಎರಡೆರಡು ಸಲ ಹೇಳಿ ಕಳಿಸಿದಳು: ಫ್ರಿಜ್ಜಿನಲ್ಲೇ ಇಡಿ, ತಿನ್ನುವಾಗಲೇ ತೆಗೆಯಿರಿ. ಹಾಗೇ ಮಾಡಿದೆವು.

ತೆಗೆದು ಚಾಕು ಹಾಕಿದರೆ ಸ್ಪಾಂಜು ಬಗ್ಗಲೇ ಇಲ್ಲ. ಒತ್ತಿದರೆ ಮೇಲಿನ ಭಾಗ ಹಲಗೆಯ ಹಾಗೆ ಜಾರಿ ಕ್ರೀಮೆಲ್ಲ ಪಕ್ಕಕ್ಕೆ ಬಂತು. ಬಾಯಿಗೆ ಹಾಕಿದರೆ ಕೊಬ್ಬರಿಗೆ ರುಚಿಯೇ ಇಲ್ಲ, ಜಗಿದಷ್ಟೂ ಪುಡಿ. ಗೆಳತಿಯ ಅತ್ತೆ ಊರಿಂದ ಬಂದಿದ್ದರು. ಒಂದು ತುಂಡು ತಿಂದು, "ಚೆನ್ನಾಗಿದೆ" ಅಂದು ಉಳಿದದ್ದನ್ನು ಟಿಶ್ಯೂ ಪೇಪರಿನಲ್ಲಿ ಮುಚ್ಚಿಟ್ಟರು. ಸರಿ, ಸ್ವಲ್ಪ ಹೊತ್ತು ಹೊರಗಿರಲಿ, ಮೆತ್ತಗಾಗುತ್ತದೆ ಅಂತ ಮೇಜಿನ ಮೇಲೆ ಇಟ್ಟೆವು. ನಿಮಗೆ ಗೊತ್ತಲ್ಲ, ಇಲ್ಲಿ ಸಂಕ್ರಾಂತಿ ಅಂದರೆ ನಡು ಬೇಸಿಗೆ. ಅವತ್ತು ಉತ್ತರದ ಬಿಸಿಗಾಳಿ ಬೇರೆ. ಸ್ಪಾಂಜು ಮೆತ್ತಗಾಗುವ ಮೊದಲೇ ಕ್ರೀಮು ನೀರಾಗಿ ಡಬ್ಬಿಯ ತಳ ನೆನೆಯಿತು. ಫ್ರಿಜ್ಜಿನಲ್ಲಿಟ್ಟರೆ ಕಲ್ಲು, ಹೊರಗಿಟ್ಟರೆ ಪಾಯಸ. ಐವತ್ತನಾಲ್ಕು ಡಾಲರ್ ಸ್ವಾಮಿ!

ಆಮೇಲೆ ಕೂತು ಯೋಚಿಸಿದಾಗ ಇದರಲ್ಲಿ ಅಡುಗೆಯವನ ಕೈದೋಷ ಏನೂ ಕಾಣಲಿಲ್ಲ. ತೊಂದರೆ ಇರುವುದು ಕ್ರೀಮು ಮತ್ತು ಕೊಬ್ಬರಿಯ ಜೋಡಿಯಲ್ಲೇ. ಚಳಿಗಾಲದಲ್ಲಿ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಅದೇ ಕಥೆ. ಸುಮಾರು 24 ಡಿಗ್ರಿ ಕೆಳಗೆ ಇಳಿದರೆ ಆ ಎಣ್ಣೆ ಹೆಪ್ಪುಗಟ್ಟುತ್ತದೆ. ಒಣಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ. ನಾಲ್ಕು ಡಿಗ್ರಿಯ ಫ್ರಿಜ್ಜಿನಿಂದ ಬಂದ ಕೊಬ್ಬರಿಯಲ್ಲಿ ಪರಿಮಳ ಎಲ್ಲಿಂದ ಬರಬೇಕು? ಸ್ಪಾಂಜಿನ ಬೆಣ್ಣೆಯೂ ಗಟ್ಟಿ. ಹಿಟ್ಟಿನ ಪಿಷ್ಟವೂ ಫ್ರಿಜ್ಜಿನಲ್ಲಿ ಹೊರಗಿಗಿಂತ ಬೇಗ ಬಿರುಸಾಗುತ್ತದೆ, ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟವರಿಗೆ ಇದು ಗೊತ್ತು. ಆದರೆ ಕ್ರೀಮು ಹಾಕಿದ ಮೇಲೆ ಫ್ರಿಜ್ಜು ಬಿಟ್ಟು ಬೇರೆ ದಾರಿ ಇಲ್ಲ. ಕೆಫೆಯಲ್ಲೇ ಕೂತು ತಿಂದರೂ ಕೋಲ್ಡ್ ಕಪಾಟಿನಿಂದಲೇ ತೆಗೆದು ಕೊಡುತ್ತಾರೆ. ಕೂತು ತಿಂದೂ ನೋಡಿದೆ. ಕ್ರೀಮು ಚೆನ್ನಾಗಿತ್ತು, ಜಾಮು ಇನ್ನೂ ಚೆನ್ನಾಗಿತ್ತು. ಲ್ಯಾಮಿಂಗ್ಟನ್ ಮಾತ್ರ ಎಲ್ಲೋ ಕಳೆದುಹೋಗಿತ್ತು.

ಹಾಟ್ ಬ್ರೆಡ್ ಅಂಗಡಿಯದಕ್ಕೆ ಕ್ರೀಮಿಲ್ಲ, ಜಾಮಿಲ್ಲ. ಕಪಾಟೂ ತಣ್ಣಗಿಲ್ಲ. ಅಡ್ಡ ಕತ್ತರಿಸಿ ನೋಡಿ: ಹೊರಗೆ ಬಿಳಿ ತುರಿ, ಅದರ ಒಳಗೆ ಸುತ್ತಲೂ ಕಂದು ಅಂಚು, ನಡುವೆ ತಿಳಿ ಹಳದಿ ಸ್ಪಾಂಜು. ಆ ಕಂದು ಅಂಚಿನಲ್ಲೇ ಎಲ್ಲ ಇರುವುದು. ಕೋಕೋ, ಸಕ್ಕರೆ, ಹಾಲು ಕಲಸಿದ ಐಸಿಂಗ್ ತೆಳುವಾಗಿದ್ದರೆ ಸ್ಪಾಂಜಿನ ಒಳಗೆ ಇಳಿಯುತ್ತದೆ, ಗಟ್ಟಿಯಾಗಿದ್ದರೆ ಮೇಲೇ ಚಿಪ್ಪಾಗಿ ನಿಲ್ಲುತ್ತದೆ. ಇವರದು ಇಳಿದಿರುತ್ತದೆ. ಹಲ್ಲು ಹಾಕಿದರೆ ಮೊದಲು ಕೊಬ್ಬರಿಯ ಸಣ್ಣ ಕರಕರ, ಆಮೇಲೆ ಒದ್ದೆ ಚಾಕೊಲೇಟು, ಆಮೇಲೆ ಮೆತ್ತನೆ ಕೇಕು. ಹೇಗೆ ಮಾಡುತ್ತೀರಿ ಅಂತ ಕೇಳಿದ್ದಕ್ಕೆ ಆ ಹೆಂಗಸು ನಕ್ಕು, ನಿನ್ನೆಯ ಕೇಕನ್ನು ಇವತ್ತು ಅದ್ದುವುದು ಅಂದರು. ಹೌದು, ಆಗ ತಾನೇ ಬೇಯಿಸಿದ ಸ್ಪಾಂಜನ್ನು ಅದ್ದಿದರೆ ಐಸಿಂಗ್ ಬಟ್ಟಲಲ್ಲೇ ಪುಡಿಪುಡಿ ಆಗುತ್ತದೆ. ಒಂದು ದಿನ ಹಳೆಯದೇ ಬೇಕು.

ದೂರು ಇಲ್ಲವೇ ಇಲ್ಲ ಅಂತಲ್ಲ. ಕೊಬ್ಬರಿ ಉದುರುತ್ತದೆ, ಕಾರಿನಲ್ಲಿ ತಿಂದರೆ ಗಂಡನ ಮುಖ ನೋಡಬೇಕು. ಮಧ್ಯಾಹ್ನ ಎರಡರ ಮೇಲೆ ಹೋದರೆ ಖಾಲಿ. ಸಿಹಿ ಒಂದು ಚೂರು ಜಾಸ್ತಿ.

ಎರಡನೇ ಜಾಗ ಶಾಲೆಯ ಲ್ಯಾಮಿಂಗ್ಟನ್ ಡ್ರೈವ್‌ಗೆ. ಶಾಲೆಗೋ ಸ್ಕೌಟ್ಸ್‌ಗೋ ದುಡ್ಡು ಕೂಡಿಸಲು ಇಲ್ಲಿ ಬಹಳ ವರ್ಷದಿಂದ ನಡೆದು ಬಂದ ಪದ್ಧತಿ. ಮೊದಲೇ ಡಜನ್ ಲೆಕ್ಕದಲ್ಲಿ ಆರ್ಡರ್ ತಗೊಳ್ಳುತ್ತಾರೆ. ಅಪ್ಪ ಅಮ್ಮಂದಿರು ಸಾಲಾಗಿ ನಿಂತು ಒಬ್ಬರು ಕತ್ತರಿಸಿ, ಒಬ್ಬರು ಅದ್ದಿ, ಒಬ್ಬರು ಹೊರಳಿಸಿ ಡಬ್ಬಿ ತುಂಬಿಸುತ್ತಾರೆ. ನಾನೂ ಹೊರಳಿಸುವ ಕಡೆ ನಿಂತಿದ್ದೇನೆ. ಮೊಣಕೈವರೆಗೂ ಕೊಬ್ಬರಿ. ರುಚಿ ಅಂಗಡಿಯದಕ್ಕೆ ಹತ್ತಿರ ಹತ್ತಿರ, ಬೆಲೆಯೂ ಕಮ್ಮಿ. ಆದರೆ ಅವರು ಹೇಳಿದ ದಿನ, ಅವರು ಹೇಳಿದ ಡಜನ್. ನಾಲ್ಕು ಗಂಟೆಯ ಚಹಾಕ್ಕೆ ಒಂದು ಬೇಕು ಅನ್ನಿಸಿದರೆ ಸಿಗುವುದಲ್ಲ.

ಗುಲಾಬಿ ಬಣ್ಣದ್ದೂ ಇದೆ, ನ್ಯೂಜಿಲೆಂಡಿನಲ್ಲಿ ಅದಕ್ಕೇ ಜಾಸ್ತಿ ಮರ್ಯಾದೆ. ಎಷ್ಟೋ ಕಡೆ ಜೆಲ್ಲಿಯಲ್ಲಿ ಅದ್ದಿರುತ್ತಾರೆ. ಜೆಲ್ಲಿ ಅಂದರೆ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ ಮೂಳೆಯಿಂದ ಬರುವ ಜೆಲಟಿನ್, ಸಸ್ಯಾಹಾರಿಗಳು ಕೇಳಿ ತಗೊಳ್ಳಿ. ಮೊಟ್ಟೆಯಂತೂ ಎಲ್ಲದರಲ್ಲೂ ಇರುತ್ತದೆ. ಮೊಟ್ಟೆ ತಿನ್ನದವರು ಮನೆಗೆ ಬರುತ್ತಾರೆ ಅಂದರೆ ವೀಗನ್ ಬೇಕರಿಯದೇ ಗತಿ. ತಿಂದಿದ್ದೇನೆ, ಪರವಾಗಿಲ್ಲ, ಸ್ವಲ್ಪ ಹಿಟ್ಟು ಹಿಟ್ಟು. ಮಾಚಾ ಅನ್ನುವ ಜಪಾನಿನ ಹಸಿರು ಚಹಾ ಪುಡಿ ಹಾಕಿದ ಹಸಿರು ಲ್ಯಾಮಿಂಗ್ಟನ್ ಬಗ್ಗೆ ನನ್ನನ್ನು ಕೇಳಬೇಡಿ.

ನೀವು ಕೆಫೆಯಲ್ಲಿ ಫೋಟೋ ತೆಗೆದು, ಒಂದನ್ನು ಇಬ್ಬರು ಹಂಚಿಕೊಂಡು ಫೋರ್ಕಿನಲ್ಲಿ ತಿನ್ನುವವರಾದರೆ ಆ ಒಂಬತ್ತು ಡಾಲರಿನದೇ ಸರಿ ಇರಬಹುದು. ನಾನು ಚಹಾಕ್ಕೆ ಸಕ್ಕರೆ ಕಮ್ಮಿ ಹಾಕಿ, ಕೈಯಲ್ಲಿ ಹಿಡಿದು, ಸಿಂಕಿನ ಮುಂದೆ ನಿಂತು ತಿನ್ನುವವಳು. ಮನೆಯಲ್ಲಿ ನಾಲ್ಕು ಜನ, ನಾಲ್ಕಕ್ಕೆ ಹದಿನಾಲ್ಕು ಡಾಲರ್. ಅಷ್ಟಕ್ಕೆ ಕೆಫೆಯಲ್ಲಿ ಎರಡೂ ಬರುವುದಿಲ್ಲ. ಈಗ ಯಾರ ಮನೆಗೆ ಹೋಗುವುದಿದ್ದರೂ ಬೆಳಿಗ್ಗೆಯೇ ಹೋಗಿ ಒಂದು ತಟ್ಟೆ ಪೂರ್ತಿ ಎತ್ತಿಕೊಂಡು ಬರುತ್ತೇನೆ. ಉಳಿದರೆ ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡಿ, ಎರಡು ದಿನ ಏನೂ ಆಗುವುದಿಲ್ಲ. ಇನ್ನೂ ಉಳಿದರೆ ಫ್ರಿಜ್ಜು ಬಿಟ್ಟು ನೇರ ಫ್ರೀಜರ್‌ಗೆ. ತಿನ್ನುವ ದಿನ ಗಂಟೆ ಮೊದಲು ತೆಗೆದು ಮೇಜಿನ ಮೇಲಿಟ್ಟರೆ ಸಾಕು. ಅವಸರ ಅಂತ ಮೈಕ್ರೋವೇವ್‌ಗೆ ಮಾತ್ರ ಹಾಕಬೇಡಿ, ಐಸಿಂಗ್ ಕರಗಿ ತಟ್ಟೆಗೆ ಅಂಟಿಕೊಳ್ಳುತ್ತದೆ.