ಗಾಳಿಗಾಗಿ ಊರು ಬದಲಿಸುವಾಗ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ, ಮಾವಿ ಮತ್ತು ಕೊಲಂಬಿಯಾ ಕಣಿವೆ

ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದೆಂದು ಕಚೇರಿಯವರು ಒಪ್ಪಿದ ಮೇಲೆ, ವಿಂಡ್‌ಸರ್ಫಿಂಗ್‌ಗೆ, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟಕ್ಕೆ, ಅನುಕೂಲವಾದ ಕಡೆ ನೆಲೆಸುವ ಯೋಚನೆ ಗಟ್ಟಿಯಾಯಿತು. ವರ್ಷಗಳಿಂದ ಇದ್ದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲೇ ಉಳಿಯುವುದೋ, ಹವಾಯಿಯ ಮಾವಿ ದ್ವೀಪಕ್ಕೆ ಹೋಗುವುದೋ, ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಗಡಿಯಾದ ಕೊಲಂಬಿಯಾ ನದಿಯ ಕಣಿವೆಗೆ ಹೋಗುವುದೋ ಎಂದು ತೀರ್ಮಾನಿಸಬೇಕಿತ್ತು. ರಜೆಯಲ್ಲಿ ಹೋದವರಿಗೆ ಎಲ್ಲ ಊರೂ ಚೆನ್ನಾಗಿಯೇ ಕಾಣುವುದರಿಂದ, ಉಳಿದೆರಡು ಕಡೆ ಬಾಡಿಗೆ ಮನೆ ಹಿಡಿದು, ಕೆಲಸದ ದಿನಗಳಲ್ಲೇ ನೀರಿಗಿಳಿದು ನೋಡಿದೆ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಕತ್ತಲಾಗುವುದರೊಳಗೆ ಎಷ್ಟು ಹೊತ್ತು ಹಾಯಿ ಹಿಡಿಯಲು ಸಿಗುತ್ತದೆ ಎಂಬುದನ್ನೇ ಅಳತೆಗೋಲು ಮಾಡಿಕೊಂಡೆ.

ಸ್ಯಾನ್ ಫ್ರಾನ್ಸಿಸ್ಕೊದ ಗಾಳಿ ನಂಬಿಕಸ್ಥ. ಬೇಸಿಗೆಯಲ್ಲಿ ಒಳನಾಡಿನ ಸೆಂಟ್ರಲ್ ವ್ಯಾಲಿ ಕಾದು ಅಲ್ಲಿ ಒತ್ತಡ ಇಳಿದಾಗ, ಶಾಂತಸಾಗರದ ತಣ್ಣನೆಯ ಗಾಳಿ ಕರಾವಳಿಯ ಬೆಟ್ಟಸಾಲಿನಲ್ಲಿ ಸಂದು ಹುಡುಕಿಕೊಂಡು ಒಳನುಗ್ಗುತ್ತದೆ. ಗೋಲ್ಡನ್ ಗೇಟ್ ಅಂಥ ಸಂದುಗಳಲ್ಲಿ ದೊಡ್ಡದು, ವಿಮಾನ ನಿಲ್ದಾಣದ ಬಳಿಯ ಸ್ಯಾನ್ ಬ್ರೂನೊ ಇನ್ನೊಂದು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನದ ಮೇಲೆ ಗಾಳಿ ಏರುವುದು ಬಹುಮಟ್ಟಿಗೆ ಖಚಿತ. ಆದರೆ ಗೋಲ್ಡನ್ ಗೇಟ್ ಸೇತುವೆಗೆ ಹತ್ತಿರದ ಕ್ರಿಸ್ಸಿ ಫೀಲ್ಡ್‌ನಲ್ಲಿ ಗಾಳಿಗಿಂತ ಮೊದಲು ಉಬ್ಬರ-ಇಳಿತದ ಪಟ್ಟಿಯನ್ನು ನೋಡಬೇಕು. ಇಳಿತದ ಹೊತ್ತಿನಲ್ಲಿ ಗಾಳಿ ಸತ್ತರೆ ನೀರಿನ ಸೆಳೆತವು ಬೋರ್ಡನ್ನು ಸೇತುವೆಯ ಕೆಳಗಿನಿಂದ ಸಾಗರದ ಕಡೆಗೆ ಎಳೆಯುತ್ತದೆ. ನೀರು ಬೇಸಿಗೆಯಲ್ಲೂ ಕೈಬೆರಳು ಮರಗಟ್ಟಿಸುವಷ್ಟು ತಣ್ಣಗಿರುತ್ತದೆ. ಫಾಸ್ಟರ್ ಸಿಟಿಯ ಥರ್ಡ್ ಅವೆನ್ಯೂ ತೀರ ಅಷ್ಟು ಅಪಾಯಕಾರಿಯಲ್ಲ. ಸ್ಯಾಕ್ರಮೆಂಟೊ ನದಿಯ ಮುಖಜಭೂಮಿಯಲ್ಲಿರುವ ಶೆರ್ಮನ್ ಐಲೆಂಡ್‌ನಲ್ಲಿ ಸಿಹಿನೀರು ಬೆಚ್ಚಗಿದೆ, ಗಾಳಿಯೂ ಬಲವಾಗಿದೆ, ನದಿಯಾಚೆಯ ಗುಡ್ಡಗಳ ಮೇಲೆ ಚಿತ್ರದುರ್ಗದ ಜೋಗಿಮಟ್ಟಿಯಂತೆ ಗಾಳಿಯಂತ್ರಗಳು ಸಾಲುಗಟ್ಟಿವೆ. ಇಷ್ಟೆಲ್ಲ ಇದ್ದೂ, ಗಾಳಿ ಏರುವ ಹೊತ್ತಿಗೇ ಹೆದ್ದಾರಿಗಳಲ್ಲಿ ವಾಹನಗಳ ದಟ್ಟಣೆಯೂ ಏರುವುದರಿಂದ, ದಕ್ಷಿಣ ಕೊಲ್ಲಿಯಲ್ಲಿ ಮನೆಯಿರುವ ನನ್ನಂಥವರ ಸಂಜೆಯ ಬಹುಪಾಲು ಸ್ಟೀರಿಂಗ್ ಹಿಡಿದೇ ಕಳೆಯುತ್ತದೆ. ನೀರಿನ ದಡಕ್ಕೆ ಮನೆ ಬದಲಿಸೋಣವೆಂದರೆ ಅಲ್ಲಿನ ಬಾಡಿಗೆ ಕೇಳಿಯೇ ಬೆವರಿಳಿಯುತ್ತದೆ. ಕನ್ನಡ ಕೂಟ, ಲಿವರ್‌ಮೋರ್‌ನ ದೇವಸ್ಥಾನ, ಕರೆದೊಡನೆ ಬರುವ ಗೆಳೆಯರು, ಇವೆಲ್ಲ ಈ ಊರಿನ ಪರವಾಗಿ ಮಾತಾಡುತ್ತವೆ ಎಂಬುದನ್ನೂ ಹೇಳಲೇಬೇಕು.

ನನ್ನ ಅಳತೆಗೋಲಿನಲ್ಲಿ ಮಾವಿಯನ್ನು ಮೀರಿಸುವ ಊರಿಲ್ಲ. ಈಶಾನ್ಯದ ವಾಣಿಜ್ಯ ಮಾರುತವು 3,055 ಮೀಟರ್ ಎತ್ತರದ ಹಾಲೆಯಾಕಲಾ ಮತ್ತು ಪಶ್ಚಿಮ ಮಾವಿಯ ಬೆಟ್ಟಗಳ ನಡುವಿನ ತಗ್ಗಿನಲ್ಲಿ ಇಕ್ಕಟ್ಟಿಗೆ ಸಿಕ್ಕಿ ವೇಗ ಪಡೆಯುತ್ತದೆ. ಬೇಸಿಗೆಯಲ್ಲಿ ಅದು ವಾರಗಟ್ಟಲೆ ಬಿಡದೆ ಬೀಸುತ್ತದೆ, ಚಳಿಗಾಲದಲ್ಲಿ ಆಗಾಗ ಕೈಕೊಡುತ್ತದೆ. ಹವಾಯಿಯಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡುವ ಪದ್ಧತಿ ಇಲ್ಲದ್ದರಿಂದ, ಕ್ಯಾಲಿಫೋರ್ನಿಯಾದ ಸಂಜೆ 5 ಗಂಟೆ ಬೇಸಿಗೆಯಲ್ಲಿ ಅಲ್ಲಿನ ಮಧ್ಯಾಹ್ನ 2 ಗಂಟೆ. ಬೆಳಿಗ್ಗೆ 6ಕ್ಕೆ ಕೆಲಸಕ್ಕೆ ಕುಳಿತರೆ 2ಕ್ಕೆ ಬಿಡುಗಡೆ, ಎರಡೂವರೆಗೆ ಕನಹಾ ತೀರದ ಹುಲ್ಲಿನ ಮೇಲೆ ಹಾಯಿ ಬಿಗಿಯುವುದು, ಚಳಿ ತಡೆಯುವ ವೆಟ್‌ಸೂಟ್‌ನ ಹಂಗಿಲ್ಲದೆ ಬರೀ ಚಡ್ಡಿಯಲ್ಲಿ ನೀರಿಗಿಳಿಯುವುದು. ಬೆಳಿಗ್ಗೆ 11ಕ್ಕೆ ಮೊದಲು ಅಲ್ಲಿ ವಿಂಡ್‌ಸರ್ಫಿಂಗ್ ಮಾಡಬಾರದೆಂಬ ನಿಯಮವೂ ದುಡಿಯುವವರಿಗೆ ಅಡ್ಡಿಯಾಗುವುದಿಲ್ಲ. ಪಕ್ಕದ ಹೋಕಿಪಾದ ಚಳಿಗಾಲದ ಅಲೆಗಳು ನುರಿತವರಿಗೆ ಮಾತ್ರ. ನಾನು ದಡದಲ್ಲಿ ಕುಳಿತು ನೋಡುವ ಸಾಲಿನವನು.

ಹಾಗಿದ್ದೂ ಮಾವಿಯನ್ನು ಬಿಟ್ಟೆ. 2023ರ ಆಗಸ್ಟ್‌ನ ಬೆಂಕಿಯಲ್ಲಿ ಲಹೈನಾ ಪಟ್ಟಣ ಸುಟ್ಟುಹೋಗಿ ಸಾವಿರಾರು ಜನ ನೆಲೆ ಕಳೆದುಕೊಂಡ, ಅದಕ್ಕೂ ಮೊದಲೇ ಮನೆಗಳ ಅಭಾವವಿದ್ದ ದ್ವೀಪದಲ್ಲಿ, ಆಟದ ಹುಕಿಗಾಗಿ ಒಂದು ಮನೆಯನ್ನು ಕಾಯಂ ಆಗಿ ಹಿಡಿಯುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಬೇರೆಯವರು ಬೇರೆ ರೀತಿ ಯೋಚಿಸಬಹುದು.

ಇನ್ನು ಕೊಲಂಬಿಯಾ ಕಣಿವೆ. ಕ್ಯಾಸ್ಕೇಡ್ ಪರ್ವತಸಾಲನ್ನು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಸೀಳಿಕೊಂಡು ಹೋಗುವ ದಾರಿ ಇದೊಂದೇ. ಪಶ್ಚಿಮಕ್ಕೆ ತಂಪಾದ ಪೋರ್ಟ್‌ಲೆಂಡ್, ಪೂರ್ವಕ್ಕೆ ಕಾದ ಬಯಲು. ಎರಡರ ನಡುವಿನ ಒತ್ತಡದ ವ್ಯತ್ಯಾಸವೇ ಇಲ್ಲಿನ ಗಾಳಿ. ಸ್ಥಳೀಯರು ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಪೋರ್ಟ್‌ಲೆಂಡ್ ಮತ್ತು ದ ಡಾಲ್ಸ್ ಊರುಗಳ ಮಿಲಿಬಾರ್ ಅಂಕಿಗಳನ್ನು ಕಳೆದು, ಎಷ್ಟು ಚದರ ಮೀಟರಿನ ಹಾಯಿ ಬೇಕಾದೀತೆಂದು ಊಹಿಸುತ್ತಾರೆ. ನದಿ ಪಶ್ಚಿಮಕ್ಕೆ ಹರಿಯುತ್ತದೆ, ಬೇಸಿಗೆಯ ಗಾಳಿ ಪೂರ್ವಕ್ಕೆ ಬೀಸುತ್ತದೆ. ಈ ಎದುರಾಬದಿರಿನಿಂದ ಹ್ಯಾಚರಿ ಎಂಬಲ್ಲಿ ನಡುನದಿಯಲ್ಲೇ ಎದೆಯೆತ್ತರದ ಅಲೆಗಳು ಸಾಲಾಗಿ ಏಳುತ್ತವೆ. ನೀರಿಗೆ ಬಿದ್ದವರನ್ನು ಪ್ರವಾಹವೇ ಗಾಳಿ ಬರುವ ದಿಕ್ಕಿಗೆ ಒಯ್ಯುವುದರಿಂದ, ಹೊರಟ ಜಾಗಕ್ಕೆ ಮರಳುವ ಹೆಣಗಾಟ ಅರ್ಧಕ್ಕರ್ಧ ತಗ್ಗುತ್ತದೆ. ಕೊಲ್ಲಿಯಲ್ಲಿ ಉಪ್ಪುನೀರು ಕುಡಿದು ಅಭ್ಯಾಸವಾದವರಿಗೆ ಇಲ್ಲಿನ ಸಿಹಿನೀರು ದೊಡ್ಡ ಸುಖ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 9ರ ಹೊತ್ತಿಗೆ, ಅಂದರೆ ಐದಕ್ಕೆ ಕೆಲಸ ಮುಗಿಸಿದರೂ ಕೈಯಲ್ಲಿ ನಾಲ್ಕು ಗಂಟೆ ಉಳಿಯುತ್ತದೆ, ಮನೆಯಿಂದ ನೀರಿಗೆ ಹತ್ತು ನಿಮಿಷದ ದಾರಿ.

ಕೊರತೆಗಳೂ ಸಣ್ಣವಲ್ಲ. ಗಾಳಿ ಒಂದೇ ಸಮನಾಗಿರುವುದಿಲ್ಲ, 4.2 ಚದರ ಮೀಟರಿನ ಹಾಯಿ ಈ ಕ್ಷಣಕ್ಕೆ ದೊಡ್ಡದೆನಿಸಿ, ಮುಂದಿನ ಕ್ಷಣಕ್ಕೆ ಸಾಲದಾಗುತ್ತದೆ. ಒರೆಗಾನ್ ದಡದ ಹುಡ್ ರಿವರ್ ಊರಿನ ಬಳಿ ನೀರು ಸುಮ್ಮನಿದ್ದು ಗಾಳಿಯೆಲ್ಲ ಪೂರ್ವಕ್ಕೆ ಸರಿದ ದಿನ, ಸುಮಾರು 115 ಕಿಲೋಮೀಟರ್ ದೂರದ ಆರ್ಲಿಂಗ್ಟನ್‌ವರೆಗೂ ಹೋಗಬೇಕಾಗಬಹುದು. ನದಿಯಲ್ಲಿ ಸಾಗುವ, ಗೋಧಿ ತುಂಬಿದ ಬಾರ್ಜ್‌ಗಳು (ಸರಕು ದೋಣಿಗಳು) ಥಟ್ಟನೆ ನಿಲ್ಲಲಾರವು, ನಾವೇ ಸರಿಯಬೇಕು. ಮೂಲನಿವಾಸಿಗಳು ಒಪ್ಪಂದದ ಹಕ್ಕಿನಿಂದ ಬಿಟ್ಟ ಮೀನಿನ ಬಲೆಗಳಿಗೂ ದಾರಿ ಬಿಡಬೇಕು. 2017ರ ಸೆಪ್ಟೆಂಬರ್‌ನಲ್ಲಿ ಈಗಲ್ ಕ್ರೀಕ್ ಕಾಡ್ಗಿಚ್ಚು ಹೆದ್ದಾರಿಯನ್ನೇ ಮುಚ್ಚಿಸಿದ್ದು ಇದೇ ಕಣಿವೆಯಲ್ಲಿ. ಬೇಸಿಗೆಯ ಕೊನೆಗೆ ಹೊಗೆ ಕವಿಯುವ ಸಾಧ್ಯತೆ ಇದ್ದೇ ಇದೆ. ದೋಸೆ ಹಿಟ್ಟಿಗೆ ಪೋರ್ಟ್‌ಲೆಂಡ್‌ವರೆಗೆ ನೂರು ಕಿಲೋಮೀಟರ್ ಹೋಗುವ ಬದಲು ರುಬ್ಬುವ ಯಂತ್ರ ಕೊಳ್ಳುವುದೇ ಲೇಸೆಂದು ಮನೆಯಲ್ಲಿ ತೀರ್ಪಾಯಿತು.

ಇವೆಲ್ಲವನ್ನೂ ತೂಗಿದ ಮೇಲೆ ಆರಿಸಿದ್ದು ಕಣಿವೆಯನ್ನೇ, ಅದರಲ್ಲೂ ವಾಷಿಂಗ್ಟನ್ ದಡದ ವೈಟ್ ಸ್ಯಾಮನ್ ಊರನ್ನು. ಒರೆಗಾನ್‌ನಲ್ಲಿ ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇದೆ, ಮನೆಯಲ್ಲೇ ಕುಳಿತು ದುಡಿಯುವ ನನಗೆ ಈ ದಡದಲ್ಲಿ ಅದಿಲ್ಲ. ಅಂಗಡಿ-ಮುಂಗಟ್ಟು ಹೆಚ್ಚಿರುವ ಹುಡ್ ರಿವರ್‌ಗೆ ಹೋಗಲು ಮಾತ್ರ 1924ರಲ್ಲಿ ಕಟ್ಟಿದ ಕಿರಿದಾದ ಸೇತುವೆಯನ್ನು ಸುಂಕ ತೆತ್ತು ದಾಟಬೇಕು, ಎದುರಿಗೆ ಲಾರಿ ಬಂದರೆ ಪಕ್ಕದ ಕನ್ನಡಿಯ ಆಸೆ ಬಿಡಬೇಕು. ನವೆಂಬರ್‌ನಿಂದ ಮಾರ್ಚ್‌ವರೆಗೆ ಪೂರ್ವದ ಕೊರೆಯುವ ಗಾಳಿ, ಹಿಮಗಟ್ಟಿದ ರಸ್ತೆ. ಇಲ್ಲಿನವರು ಆಗ ಮೌಂಟ್ ಹುಡ್‌ಗೆ ಹಿಮಜಾರಾಟಕ್ಕೆ ಹೋಗುತ್ತಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲದ್ದರಿಂದ, ಜೂನ್‌ನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದ ವಾರ್ಷಿಕ ರಜೆಯನ್ನು ಸಂಕ್ರಾಂತಿಯ ಹೊತ್ತಿಗೆ ಬದಲಿಸಿಕೊಂಡಿದ್ದೇನೆ.