ನಾಬ್ ಓವನ್ನೋ, ಬಟನ್ ಓವನ್ನೋ? ಮಲೆನಾಡಿನ ಮಳೆಗಾಲ ಕಳೆದ ಮೇಲೆ

ತೀರ್ಥಹಳ್ಳಿಯಲ್ಲಿ ಅಮ್ಮನ ಮನೆಯದು ಎರಡು ನಾಬ್ ಇರುವ ಹಳೇ ಮೈಕ್ರೋವೇವ್. ಶಿವಮೊಗ್ಗದಲ್ಲಿ ನಮ್ಮದು ಬಟನ್ನಿನದು. ಈ ಮಳೆಗಾಲದಲ್ಲಿ ಎರಡರಲ್ಲೂ ಹಪ್ಪಳ ಸುಟ್ಟೆ, ಹಾಲು ಕಾಯಿಸಿದೆ, ರಾತ್ರಿ ಉಳಿದ ಕಡುಬು ಬಿಸಿ ಮಾಡಿದೆ.

ಹಪ್ಪಳಕ್ಕೆ ಬಟನ್ನೇ ಸರಿ. 40 ಸೆಕೆಂಡ್ ಅಂದರೆ 40 ಸೆಕೆಂಡ್. ನಾಬಿನಲ್ಲಿ ಮೊದಲ ಒಂದೆರಡು ನಿಮಿಷದ ಗೆರೆಗಳು ಅಂಟಿಕೊಂಡಂತಿವೆ, ಅದಕ್ಕೇ ಅಮ್ಮ ಮೊದಲು ಜಾಸ್ತಿ ತಿರುಗಿಸಿ ಆಮೇಲೆ ಹಿಂದಕ್ಕೆ ತರುತ್ತಾರೆ. ನಾನು ಮೂರು ಹಪ್ಪಳ ಕಪ್ಪು ಮಾಡಿದೆ.

ಆದರೆ ಜುಲೈ ಬಂತು ನೋಡಿ, ನಮ್ಮ ಬಟನ್ನುಗಳು ಕೈಕೊಟ್ಟವು. ಪ್ಲಾಸ್ಟಿಕ್ ಹಾಳೆಯ ಹಿಂದೆ ತೇವ ಸೇರಿಕೊಂಡು 'ಸ್ಟಾರ್ಟ್' ಅನ್ನು ಹೆಬ್ಬೆರಳು ನೋಯುವಷ್ಟು ಒತ್ತಬೇಕಾಯಿತು. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಸೊನ್ನೆಗೆ ಬರುತ್ತದೆ, ಇಟ್ಟ ಸಮಯವೂ ಮರೆತುಹೋಗುತ್ತದೆ. ಅಮ್ಮನದಕ್ಕೆ ಇಂಥ ತಾಪತ್ರಯವೇ ಇಲ್ಲ, ಒದ್ದೆ ಕೈಯಲ್ಲಿ ತಿರುಗಿಸಿದರೂ ಓಡುತ್ತದೆ.

ಹಾಗಂತ ನಾಬ್ ಪೂರ್ತಿ ಒಳ್ಳೆಯದು ಅನ್ನಬೇಡಿ. ಅದಕ್ಕೆ ಸ್ಟಾರ್ಟ್ ಬಟನ್ನೇ ಇಲ್ಲ. ಹಾಲು ಉಕ್ಕುತ್ತೆ ಅಂತ ಅರ್ಧಕ್ಕೆ ಬಾಗಿಲು ತೆಗೆದು, ಲೋಟ ಎತ್ತಿಕೊಂಡು, ಸುಮ್ನೆ ಬಾಗಿಲು ತಳ್ಳಿದರೆ ಉಳಿದ ಸಮಯ ಖಾಲಿಯಾಗಿಯೇ ಓಡುತ್ತದೆ. ಖಾಲಿ ಓಡಿಸುವುದು ಓವನ್ನಿಗೆ ಒಳ್ಳೆಯದಲ್ಲ. ಕರೆಂಟ್ ಹೋಗಿ ಬಂದರೂ ಅಮ್ಮನದು ತಾನೇ ಮತ್ತೆ ಶುರುವಾಗುತ್ತದೆ, ಅಡುಗೆಮನೆಯಲ್ಲಿ ಯಾರೂ ಇಲ್ಲದಿದ್ದರೂ! ಅಂದರೆ ನಾನು ಬೈದುಕೊಂಡ ನಮ್ಮ ಓವನ್ನಿನ ಮರೆವೇ ಇಲ್ಲಿ ವಾಸಿ ಅಲ್ವಾ?

ಮುಂಭಾಗದ ನಾಬು-ಬಟನ್ನುಗಳು ಇಷ್ಟು ಬೇರೆಯಾದರೂ ಬಾಗಿಲ ಹಿಂದಿನ ಏರ್ಪಾಡು, ಅಂದರೆ ಬಾಗಿಲು ತೆಗೆದೊಡನೆ ಓವನ್ ನಿಲ್ಲಿಸುವ ಸ್ವಿಚ್ಚುಗಳು, ಎರಡರಲ್ಲೂ ಒಂದೇ. 1947ರ ಮೊದಲ ಹೋಟೆಲ್ ಓವನ್ ಆಳೆತ್ತರ, ಸುಮಾರು 340 ಕಿಲೋ. 1967ರಲ್ಲಿ ಅಡುಗೆಮನೆಯ ಕಟ್ಟೆ ಮೇಲೆ ಕೂರುವಂಥದು ಬಂತು. ಮನೆಮನೆಗೆ ಹೋಗತೊಡಗಿದ ಮೇಲೆ, 1971ರಲ್ಲಿ ಅಮೆರಿಕ ನಿಯಮ ಬಿಗಿ ಮಾಡಿತು: ಬಾಗಿಲಿಗೆ ಕನಿಷ್ಠ ಎರಡು ಸುರಕ್ಷಾ ಸ್ವಿಚ್, ಅದರಲ್ಲಿ ಒಂದು ಕೈಗೆ ಸಿಗದಂತೆ ಮರೆಯಲ್ಲಿ. ಬಾಗಿಲನ್ನು ಮೆಲ್ಲಗೆ ಮುಚ್ಚಿ ಕೇಳಿ, ಟಿಕ್ ಟಿಕ್ ಅನ್ನುತ್ತದಲ್ಲ, ಕೊಕ್ಕೆಗಳು ಆ ಸ್ವಿಚ್ಚುಗಳನ್ನು ಒತ್ತುವ ಸದ್ದು ಅದು. ಇವುಗಳ ಜೊತೆ ಇನ್ನೊಂದು ಕಾವಲು ಸ್ವಿಚ್ ಇರುತ್ತದೆ. ಮೊದಲಿನದು ಅಂಟಿಕೊಂಡು ಬಾಗಿಲು ತೆಗೆದರೂ ಕರೆಂಟ್ ಹರಿಯುತ್ತಿದ್ದರೆ, ಇದು ಬೇಕಂತಲೇ ಶಾರ್ಟ್ ಮಾಡಿ ಫ್ಯೂಸ್ ಸುಡುತ್ತದೆ.

ಇದು ನನಗೆ ತಿಳಿದದ್ದು ದುಡ್ಡು ಕಳೆದುಕೊಂಡ ಮೇಲೆ. ಬಾಗಿಲು ತೆಗೆದಾಗಲೆಲ್ಲ ನಮ್ಮದರ ಫ್ಯೂಸ್ ಹೋಗುತ್ತಿತ್ತು. ರಿಪೇರಿಯವರು ಎರಡು ಸಲ ಬರೀ ಫ್ಯೂಸ್ ಬದಲಿಸಿದರು. ಮೂರನೇ ಸಲ, "ಮೇಡಂ, ಸ್ವಿಚ್ ಡೈರೆಕ್ಟ್ ಮಾಡಿಬಿಡ್ತೀನಿ, ತಲೆನೋವೇ ಇರಲ್ಲ" ಅಂದರು. ಬೇಡ ಅಂದೆ. ಡೈರೆಕ್ಟ್ ಅಂದರೆ ಸ್ವಿಚ್ಚನ್ನು ತಪ್ಪಿಸಿ ತಂತಿ ಜೋಡಿಸುವುದು, ಹಾಗೆ ಮಾಡಿದರೆ ಬಾಗಿಲು ತೆರೆದಿದ್ದರೂ ಓವನ್ ಓಡಬಹುದು. ಬೇರೆಯವರನ್ನು ಕರೆಸಿದೆ, ಅವರು ಸುಟ್ಟು ಅಂಟಿಕೊಂಡಿದ್ದ ಸ್ವಿಚ್ಚನ್ನು ತೆಗೆದು ಹೊಸದು ಹಾಕಿದರು. ನೀವೇ ಬಿಚ್ಚಲು ಹೋಗಬೇಡಿ, ಪ್ಲಗ್ ಕಿತ್ತರೂ ಒಳಗೆ ಕರೆಂಟ್ ಕೂಡಿಡುವ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಉಳಿದಿರಬಹುದು.

ಈಗ ಹೊಸದು ತೆಗೆದುಕೊಳ್ಳುವುದಾದರೆ, ಮಳೆಗಾಲದ ತೇವ ನೆನೆದು, ನಾನು ನಾಬಿನದ್ದೇ ತರುತ್ತೇನೆ. ಅಮ್ಮ ಮಾತ್ರ ನಮ್ಮ ಬಟನ್ನಿನದ್ದು ತನಗೆ ಕೊಡು ಅನ್ನುತ್ತಿದ್ದಾರೆ, ಹಪ್ಪಳಕ್ಕಂತೆ.